ಪ್ಲೇಟಕ್ಕನ ನಾಲ್ಕು ತಿಂಗಳು

ಕೋಳಿ ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷಕ್ಕೇ ಅವಳು ಪ್ಲೇಟಕ್ಕ ಆಗಿಬಿಟ್ಟಿದ್ದಳು. ಅಂಗೈ ಅಗಲದ ಸಣ್ಣ ಪ್ಲೇಟುಗಳಿಗೆ ಅಗರ್ ಎನ್ನುವ ಬಿಸಿ ಅಂಟು ಹುಯ್ದು ಹೆಪ್ಪುಗಟ್ಟಿಸಿ, ಅದರ ಮೇಲೆ ರೋಗಾಣು ಬೆಳೆಸಿ ನೋಡುವುದು ಆ ಪ್ರಯೋಗಾಲಯದ ನಿತ್ಯದ ಕೆಲಸ. ಬೇರೆಯವರು ಹುಯ್ದರೆ ಗುಳ್ಳೆ ಏಳುತ್ತಿತ್ತು, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅವಳು ಹುಯ್ದರೆ ಕನ್ನಡಿಯ ಹಾಗೆ ನಿಲ್ಲುತ್ತಿತ್ತು. "ಈ ಕೇಂದ್ರದಲ್ಲಿ ಇಬ್ಬರು ಮಾತ್ರ ರಜೆ ಹಾಕೋ ಹಾಗಿಲ್ಲ. ಒಬ್ಬರು ಕರೆಂಟು, ಇನ್ನೊಬ್ಬರು ಪ್ಲೇಟಕ್ಕ" ಎಂದು ವಿಭಾಗದ ಮುಖ್ಯಸ್ಥೆ ಹೊಸಬರ ಮುಂದೆ ಹೇಳಿ ನಗುತ್ತಿದ್ದರು. ಆ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು.

ಮೇಡಂ ಒಂಬತ್ತು ವರ್ಷದಿಂದ ಒಂದೇ ಕೆಲಸದ ಬೆನ್ನು ಹತ್ತಿದ್ದರು. ಸಾಲ್ಮೊನೆಲ್ಲಾ ಎನ್ನುವ ರೋಗಾಣು ಕೋಳಿಯ ಕರುಳಿನಲ್ಲಿ ಹಾಯಾಗಿ ಕೂತಿರುತ್ತದೆ. ಕೋಳಿಗೆ ಏನೂ ಆಗುವುದಿಲ್ಲ. ತಿನ್ನುತ್ತದೆ, ಕೆದಕುತ್ತದೆ, ಮೊಟ್ಟೆ ಇಡುತ್ತದೆ. ಆ ಮೊಟ್ಟೆಯಿಂದಲೋ ಮಾಂಸದಿಂದಲೋ ಮನುಷ್ಯನ ಹೊಟ್ಟೆ ಸೇರಿದ ಮೇಲೆ ಅದರ ನಿಜವಾದ ಬಣ್ಣ ಕಾಣುತ್ತದೆ. ಹಾಗಾಗಿ ಅದನ್ನು ಕೋಳಿಯ ಹೊಟ್ಟೆಯಲ್ಲೇ ತಡೆಯಬೇಕು, ಅದೂ ಮರಿ ಮೊಟ್ಟೆಯೊಡೆದು ಬಂದ ಮೊದಲ ದಿನವೇ, ಎನ್ನುವುದು ಮೇಡಂ ಹಟ. ಆರೋಗ್ಯವಂತ ಹಳೆಯ ಕೋಳಿಗಳ ಕರುಳಿನ ಒಳ್ಳೆಯ ಜೀವಾಣುಗಳನ್ನು ಬೆಳೆಸಿ, ಪುಡಿ ಮಾಡಿ, ಮರಿಗಳಿಗೆ ನೀರಿನಲ್ಲಿ ಕುಡಿಸುತ್ತಿದ್ದರು. "ಮನೆ ತುಂಬಾ ಒಳ್ಳೇ ಬಾಡಿಗೆದಾರರು ಮೊದಲೇ ಬಂದು ಕೂತಿದ್ರೆ, ಆಮೇಲೆ ಬರೋ ಕಳ್ಳನಿಗೆ ಕಾಲು ಚಾಚೋಕೆ ಜಾಗ ಎಲ್ಲಿರುತ್ತೆ?" ಎಂದು ಅವರು ಅದನ್ನು ವಿವರಿಸುತ್ತಿದ್ದರು.

ಪುಡಿ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ಕಳ್ಳನನ್ನು ಬೇಕೆಂದೇ ಒಳಗೆ ಬಿಡಬೇಕು. ಎರಡು ದಿನದ ಮರಿಗಳ ಕೊಕ್ಕಿಗೆ ಸಾಲ್ಮೊನೆಲ್ಲಾದ ಅಳತೆಯ ಹನಿ ಹಾಕುತ್ತಿದ್ದರು. ಅದು ಕೇಂದ್ರದಲ್ಲೇ ಸಾಕಿದ ತಳಿ. ಎರಡು ನಿರ್ದಿಷ್ಟ ಔಷಧಿಗಳಿಗೆ ಅದು ಸಾಯುತ್ತಿರಲಿಲ್ಲ. ಆ ಎರಡು ಔಷಧಿ ಬೆರೆಸಿದ ಪ್ಲೇಟಿನ ಮೇಲೆ ಹೊರಗಿನ ಸಾಲ್ಮೊನೆಲ್ಲಾ ಸತ್ತುಹೋಗಿ ಇದೊಂದೇ ಬೆಳೆಯುತ್ತಿತ್ತು: ಗುಲಾಬಿ ಬಣ್ಣದ ನಡುವೆ ಕಪ್ಪು ಚುಕ್ಕೆಯಾಗಿ. ಹಣೆಯಲ್ಲಿ ಮುದ್ರೆ ಒತ್ತಿಸಿಕೊಂಡು ಬಂದವನ ಹಾಗೆ ಸಿಕ್ಕಿಬೀಳುತ್ತಿದ್ದ ಅದಕ್ಕೆ 'ಮುದ್ರೆಯವ' ಎಂದು ಹೆಸರಿಟ್ಟವಳೂ ಪ್ಲೇಟಕ್ಕನೇ.

ಆ ಕೋಣೆಯ ಬಾಗಿಲಲ್ಲಿ ನೆಲಕ್ಕೆ ಒಂದು ಕೆಂಪು ಗೆರೆ ಎಳೆದಿದ್ದರು. ಒಳಗಿನ ಕೋಟು, ಒಳಗಿನ ಚಪ್ಪಲಿ, ಒಳಗಿನ ಪೆನ್ನು ಒಳಗೇ ಇರಬೇಕು. ಹೊರಗಿನದು ಹೊರಗೆ. ಹೊಸಬರನ್ನು ಗೆರೆಯ ಮುಂದೆ ನಿಲ್ಲಿಸಿ ಇದನ್ನು ಬಾಯಿಪಾಠ ಮಾಡಿಸುತ್ತಿದ್ದವಳು ಅವಳು. ಕೊರಳಿನ ಗುರುತಿನ ಕಾರ್ಡು ಮಾತ್ರ ಎಲ್ಲಿಯೂ ಸೇರದ ವಸ್ತುವಾಗಿತ್ತು. ನಿಯಮದ ಪ್ರಕಾರ ಅದನ್ನು ಹೊರಗಿನ ಮೊಳೆಗೆ ತೂಗುಹಾಕಬೇಕು. ಆದರೆ ಒಳಗಿನ ಚಳಿಕೋಣೆಯ ಬಾಗಿಲು ಕಾರ್ಡು ತೋರಿಸದೆ ತೆರೆಯುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಕೋಟು ಬಿಚ್ಚಿ ಹಾಕುವವರು ಯಾರು? ಹಳಬರೆಲ್ಲ ಕಾರ್ಡನ್ನು ಕೊರಳಲ್ಲೇ ಇಟ್ಟುಕೊಂಡು ಸಂಜೆ ಹೊರಡುವಾಗ ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದರು. ಇಪ್ಪತ್ತಾರು ವರ್ಷದ ಅನುಭವದವಳಿಗೆ ಅದೇನು ದೊಡ್ಡ ವಿಷಯವಾಗಿ ಕಂಡಿರಲಿಲ್ಲ.

ಮನೆಯಲ್ಲಿ ಇದ್ದವರು ಮೂವರು. ಅವಳು, ಬಸ್ಸು ಓಡಿಸುವ ಗಂಡ, ಮತ್ತು ಗಂಡನ ತೀರಿಹೋದ ಅಣ್ಣನ ಹೆಂಡತಿ. ಓರಗಿತ್ತಿಯನ್ನು ಅವಳು ಅಕ್ಕ ಎನ್ನುತ್ತಿದ್ದಳು. ಒಡಹುಟ್ಟಿದವರೂ ಅಷ್ಟು ಹೊಂದಿಕೊಂಡು ಇರುವುದಿಲ್ಲ ಎಂದು ಕಂಡವರು ಹೇಳುತ್ತಿದ್ದರು. ಅಡುಗೆಮನೆ ಅಕ್ಕನದು. ಅಲ್ಲಿ ಚಮಚವೊಂದು ಜಾಗ ತಪ್ಪಿದರೂ ಅಕ್ಕನಿಗೆ ಗೊತ್ತಾಗುತ್ತಿತ್ತು. ಒರೆಸುವ ಬಟ್ಟೆ ದಿನಾ ಕುದಿಯುತ್ತಿತ್ತು. "ನಿನ್ನ ಲ್ಯಾಬು ನನ್ನ ಅಡುಗೆಮನೆ ಮುಂದೆ ಏನೂ ಅಲ್ಲ ಬಿಡು" ಎಂದು ಅಕ್ಕ ಕೆಣಕಿದರೆ ಅವಳು ಒಪ್ಪಿಕೊಳ್ಳುತ್ತಿದ್ದಳು. ಪ್ಲೇಟಕ್ಕನಿಗೆ ಮಕ್ಕಳಿರಲಿಲ್ಲ. ಅಕ್ಕನ ಒಬ್ಬಳೇ ಮಗಳು ಇಬ್ಬರ ಮಡಿಲಲ್ಲೂ ಬೆಳೆದವಳು. ಮದುವೆಯಾಗಿ ಅದೇ ಪಟ್ಟಣದ ಇನ್ನೊಂದು ತುದಿಯಲ್ಲಿದ್ದಳು. ಅವಳಿಗೆ ಹದಿನಾಲ್ಕು ತಿಂಗಳ ಹೆಣ್ಣುಮಗು. ಮನೆಮಂದಿಗೆಲ್ಲ ಪುಟ್ಟಿ.

ಆ ದಿನ ಪ್ರಯೋಗದ ಹನ್ನೆರಡನೇ ದಿನ. ನೂರ ನಲವತ್ತು ಮರಿಗಳ ಕರುಳಿನ ಮಾದರಿ ಒಂದೇ ದಿನದಲ್ಲಿ ತೆಗೆಯಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಬಗ್ಗಿದವಳು ಸಂಜೆ ಐದಕ್ಕೆ ಬೆನ್ನು ನೆಟ್ಟಗೆ ಮಾಡಿದಳು. ಅಷ್ಟರಲ್ಲಿ ಅಕ್ಕನ ಫೋನು ಎರಡು ಸಲ ಬಂದಿತ್ತೆಂದು ಹೊರಗಿನ ಮೇಜಿನವರು ಹೇಳಿದರು: ಮಗಳು ಪುಟ್ಟಿಯನ್ನು ಕರೆದುಕೊಂಡು ಬಂದಿದ್ದಾಳೆ, ಬೇಗ ಬಾ. ಕಚೇರಿಯ ವ್ಯಾನು ಹೊರಡಲು ಹತ್ತು ನಿಮಿಷವಿತ್ತು. ಅವಳು ಕೋಟು ಬಿಚ್ಚಿದಳು, ಮೊಣಕೈಯವರೆಗೆ ಸೋಪು ಹಚ್ಚಿ ಲೆಕ್ಕದ ಪ್ರಕಾರ ಎರಡು ನಿಮಿಷ ಕೈ ತೊಳೆದಳು, ಚಪ್ಪಲಿ ಬದಲಿಸಿದಳು, ಓಡಿದಳು. ಕಾರ್ಡು ಎದೆಯ ಮೇಲೆ ಕುಣಿಯುತ್ತಾ ಜೊತೆಗೇ ಬಂತು.

ಮನೆ ಬಾಗಿಲಲ್ಲೇ ಪುಟ್ಟಿ ಅವಳ ಕಡೆ ಜಿಗಿಯಿತು. ಹೊಸ ಹಲ್ಲು ಮೂಡುತ್ತಿದ್ದ ಮಗು. ಕೈಗೆ ಸಿಕ್ಕಿದ್ದು ನೇರ ಬಾಯಿಗೆ. ಅವಳು ಕೂತು ಉಸಿರು ಬಿಡುವಷ್ಟರಲ್ಲಿ ಕಾರ್ಡಿನ ಅಂಚು ಮಗುವಿನ ವಸಡಿನ ನಡುವೆ ಇತ್ತು.

ಅವಳು ನೋಡಿದಳು. ಮುಂದೆ ಅವಳನ್ನು ಅತಿ ಹೆಚ್ಚು ಕಾಡಿದ್ದು ಇದೇ. ನೋಡಿರಲಿಲ್ಲ ಎನ್ನುವ ಹಾಗಿರಲಿಲ್ಲ. ಒಂದು ಕ್ಷಣ ಸ್ಪಿರಿಟ್ಟಿನ ಬಾಟಲಿ ಕಣ್ಣ ಮುಂದೆ ಬಂದು ಹೋಯಿತು. ಅವಳು ಕಾರ್ಡು ಎಳೆದುಕೊಂಡು ಕರವಸ್ತ್ರದಲ್ಲಿ ಒರೆಸಿ, "ಅಯ್ಯೋ ಕಳ್ಳೀ, ನನ್ನ ಕೆಲಸಾನೇ ತಿಂದುಹಾಕ್ತೀಯಾ?" ಎಂದಳು. ಎಲ್ಲರೂ ನಕ್ಕರು. ಮಗು ಅಳಲು ಬಾಯಿ ಸೊಟ್ಟ ಮಾಡಿತು. ಅವಳು ಕಾರ್ಡು ತಿರುಗಿ ಕೊಟ್ಟಳು.

ಅಡುಗೆಮನೆಯಿಂದ ಅಕ್ಕ ಮೆತ್ತಗಿನ ಅನ್ನಕ್ಕೆ ಬೆಂದ ಮೊಟ್ಟೆಯ ಹಳದಿ ಕಲಸಿಕೊಂಡು ಬಂದಳು. ಮಗು ಒಂದು ಬಟ್ಟಲು ಪೂರ್ತಿ ತಿಂದಿತು.

ಮೂರನೇ ದಿನ ಪುಟ್ಟಿಗೆ ಜ್ವರ ಬಂತು. ನಾಲ್ಕನೇ ದಿನ ಭೇದಿಯಲ್ಲಿ ರಕ್ತ ಕಂಡಿತು. ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಲು ನರ ಸಿಗದೆ ಪಾದಕ್ಕೆ ಚುಚ್ಚಿದರು. ರೋಗಾಣು ರಕ್ತಕ್ಕೂ ಇಳಿದಿದೆ, ಇನ್ನೆರಡು ದಿನ ಏನೂ ಹೇಳುವುದಕ್ಕಾಗುವುದಿಲ್ಲ ಎಂದರು. ಕೊಕ್ಕಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಪಿತ್ತಕೋಶಕ್ಕೆ ಅದು ಹೇಗೆ ದಾರಿ ಹಿಡಿಯುತ್ತದೆಂದು ನೂರಾರು ಮರಿಗಳಲ್ಲಿ ಕಂಡಿದ್ದವಳಿಗೆ ಆ ಎರಡು ದಿನ ಜೀವ ಬಾಯಿಗೆ ಬಂದಿತ್ತು.

ಮಕ್ಕಳ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಏನು ತಿನ್ನಿಸಿದ್ರಿ?"

"ಅನ್ನ, ಮೊಟ್ಟೆ ಹಳದಿ" ಎಂದಳು ಅಕ್ಕ.

"ಹಳದಿ ಪೂರ್ತಿ ಗಟ್ಟಿಯಾಗಿತ್ತಾ?"

ಅಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಯೋಚಿಸಿ ಹೇಳಿದಳು, "ನಡುವೆ ಸ್ವಲ್ಪ ಮೆತ್ತಗಿತ್ತು. ಮಗು ನುಂಗೋಕೆ ಸುಲಭ ಆಗಲಿ ಅಂತ."

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಮಗಳು ತಾಯಿಯ ಕಡೆ ತಿರುಗಿ ನೋಡಿದಳು. ಪ್ಲೇಟಕ್ಕ ಬಿಸಿನೀರಿನ ಫ್ಲಾಸ್ಕು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಆಗಿನ್ನೂ ಅವಳಿಗೆ ಸಂಶಯ ಬಂದಿರಲಿಲ್ಲ. ಮೊಟ್ಟೆಯೇ ಇರಬೇಕು ಅಂದುಕೊಂಡಿದ್ದಳು.

ಸಂಶಯ ಬಂದದ್ದು ಮಗಳು ಪರೀಕ್ಷೆಯ ವರದಿ ತಂದು ತೋರಿಸಿದಾಗ. "ಚಿಕ್ಕಮ್ಮಾ, ಇದೆಲ್ಲ ನಿನಗೆ ಗೊತ್ತಾಗುತ್ತೆ. ಇದರಲ್ಲಿ ಏನಿದೆ ನೋಡು." ಔಷಧಿಗಳ ಉದ್ದ ಪಟ್ಟಿ. ಹೆಚ್ಚಿನವುಗಳ ಮುಂದೆ 'ಮಣಿಯುತ್ತದೆ' ಎಂದಿತ್ತು. ಎರಡರ ಮುಂದೆ ಮಾತ್ರ 'ಮಣಿಯುವುದಿಲ್ಲ'. ಮುದ್ರೆಯವನಿಗೆ ನಾಟದ ಅವೇ ಎರಡು.

ಅವಳು ಆ ಎರಡು ಹೆಸರುಗಳನ್ನು ಮತ್ತೊಮ್ಮೆ ಓದಿದಳು. ಹಾಳೆಯನ್ನು ಮಡಚಿ ಮಂಡಿಯ ಮೇಲಿಟ್ಟುಕೊಂಡಳು. "ಬೇಕಾದಷ್ಟು ಔಷಧಿ ಇದೆ ಇದಕ್ಕೆ. ಹೆದರಬೇಡ" ಎಂದಳು. ಇಂಥ ತಳಿ ಹೊರಗೂ ಇರಬಹುದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಪ್ರಯೋಗಾಲಯದಲ್ಲಿ ಕಾರ್ಡಿನ ಪ್ಲಾಸ್ಟಿಕ್ ಕವಚದ ಸಂದಿಗೆ, ಕ್ಲಿಪ್ಪಿನ ಕೆಳಗೆ, ಒದ್ದೆ ಹತ್ತಿಕಡ್ಡಿ ಹಾಕಿ ಉಜ್ಜಿದಳು. ಎಂಟು ದಿನ ಕಳೆದಿತ್ತು. ಒಣಗಿದ ಪ್ಲಾಸ್ಟಿಕ್ಕಿನ ಮೇಲೆ ಅದು ವಾರಗಟ್ಟಲೆ ಬದುಕಿರುತ್ತದೆ ಎಂದು ಹಿಂದೊಮ್ಮೆ ಲೆಕ್ಕ ಹಾಕಿ ಮೇಡಂಗೆ ಪಟ್ಟಿ ಮಾಡಿಕೊಟ್ಟವಳು ಅವಳೇ. ಒಂದು ದಿನ ಪೋಷಕ ದ್ರವದಲ್ಲಿ, ಇನ್ನೊಂದು ದಿನ ಎರಡನೇ ದ್ರವದಲ್ಲಿ, ಮೂರನೇ ದಿನ ಎರಡೂ ಔಷಧಿ ಬೆರೆಸಿದ ಪ್ಲೇಟಿನ ಮೇಲೆ. ಆ ಪ್ಲೇಟಿಗೆ ಅವಳು ನಂಬರು ಬರೆಯಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಂಬರಿಲ್ಲದ ಪ್ಲೇಟು ಅದೊಂದೇ.

ಬೆಳಿಗ್ಗೆ ಮುಚ್ಚಳ ಎತ್ತಿದಾಗ ಹನ್ನೊಂದು ಕಪ್ಪು ಚುಕ್ಕೆಗಳಿದ್ದವು. ಗುಲಾಬಿ ಮೈ, ದುಂಡಗೆ, ಒಂದಕ್ಕೊಂದು ತಾಗದೆ. ಪಾಠದ ಪುಸ್ತಕಕ್ಕೆ ಚಿತ್ರ ತೆಗೆಯಬಹುದಿತ್ತು, ಅಷ್ಟು ಅಚ್ಚುಕಟ್ಟಾಗಿತ್ತು. ಪಕ್ಕದ ಮೇಜಿನವರು ಬರುವ ಸದ್ದಾಯಿತು. ಅವಳು ಪ್ಲೇಟನ್ನು ಉಳಿದ ಕಸದ ಪ್ಲೇಟುಗಳ ನಡುವೆ ಸೇರಿಸಿ, ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವಿಗೆ ಹಾಕಿ ಮುಚ್ಚಳ ಬಿಗಿದಳು. ಹಬೆ ಏರಿತು, ಮುಳ್ಳು ಮೇಲೆ ಹೋಯಿತು. ಇಪ್ಪತ್ತು ನಿಮಿಷ ಕಳೆದ ಮೇಲೆ ಅಲ್ಲಿ ಜೀವಂತವಾಗಿ ಏನೂ ಉಳಿದಿರಲಿಲ್ಲ. ಕಾರ್ಡಿನ ಕವಚ ಒಡೆದಿದೆ ಎಂದು ಹೇಳಿ ಆಫೀಸಿನಿಂದ ಹೊಸದು ತೆಗೆದುಕೊಂಡಳು.

ಮಗು ಗುಣವಾಗಿ ಮನೆಗೆ ಬರಲಿ, ಆಮೇಲೆ ಹೇಳೋಣ ಎಂದುಕೊಂಡಳು. ಆಸ್ಪತ್ರೆಗೆ ಸೇರಿದ ಒಂಬತ್ತನೇ ದಿನ ಮಗು ಮನೆಗೆ ಬಂತು, ಕಡ್ಡಿಯ ಹಾಗೆ. ಸ್ವಲ್ಪ ಮೈ ತುಂಬಿಕೊಳ್ಳಲಿ ಎಂದುಕೊಂಡಳು. ಮೈಯೂ ತುಂಬಿತು. ಪ್ರಯೋಗದ ಕೊನೆಯ ಸುತ್ತು ಮುಗಿಯಲಿ, ಮೇಡಂನ ಒಂಬತ್ತು ವರ್ಷದ ಶ್ರಮ ನನ್ನಿಂದ ಮಣ್ಣುಪಾಲಾಗುವುದು ಬೇಡ ಎಂದುಕೊಂಡಳು. ಹೇಳದೇ ಇರುವುದಕ್ಕೆ ದಿನಕ್ಕೊಂದು ನೆಪ ಸಿಗುತ್ತಿತ್ತು. ಹೇಳಬೇಕಾದ ಮಾತು ಮಾತ್ರ ದಿನದಿನಕ್ಕೂ ದೊಡ್ಡದಾಗುತ್ತಿತ್ತು. ಈಗ ಹೇಳಿದರೆ, ಆಗಲೇ ಯಾಕೆ ಹೇಳಲಿಲ್ಲ ಎನ್ನುವ ಪ್ರಶ್ನೆಗೂ ಉತ್ತರ ಕೊಡಬೇಕಿತ್ತು.

ಒಂದೂವರೆ ತಿಂಗಳ ಮೇಲೆ ಮಗಳು ಪುಟ್ಟಿಯನ್ನು ಕರೆದುಕೊಂಡು ಬಂದಳು. ಅಕ್ಕ ಬೆಳಗಿನಿಂದ ಗಂಜಿ ಕುದಿಸಿ, ಸೋಸಿ, ಬಟ್ಟಲು ಚಮಚ ಬಿಸಿನೀರಲ್ಲಿ ಅದ್ದಿಟ್ಟು ಕಾದಿದ್ದಳು. ಮಗಳು ಚೀಲದಿಂದ ತನ್ನದೇ ಡಬ್ಬಿ, ತನ್ನದೇ ಚಮಚ ತೆಗೆದಳು.

"ಬೇಡಮ್ಮಾ. ನಾನೇ ತಂದಿದ್ದೀನಿ."

"ಗಂಜಿ ಕಣೇ. ಅರ್ಧ ಗಂಟೆ ಕುದಿಸಿದ್ದೀನಿ."

"ಇರಲಿಬಿಡಮ್ಮಾ. ಅವಳ ಅಪ್ಪನಿಗೂ ಹೇಳಿಬಿಟ್ಟಿದ್ದೀನಿ, ಹೊರಗೆ ಏನೂ ತಿನ್ನಿಸಲ್ಲ ಅಂತ."

ಹುಟ್ಟಿ ಬೆಳೆದ ಮನೆ ಅವಳ ಬಾಯಲ್ಲಿ 'ಹೊರಗೆ' ಆಗಿಹೋಯಿತು. ಮಗಳಿಗೆ ತಾನು ಆಡಿದ್ದು ತಿಳಿಯಿತೋ ಇಲ್ಲವೋ. ಅಕ್ಕ ಗಂಜಿಯ ಬಟ್ಟಲು ಒಳಗೆ ತೆಗೆದುಕೊಂಡು ಹೋದಳು. ಪ್ಲೇಟಕ್ಕ ಸೋಫಾದ ಮೂಲೆಯಲ್ಲಿ ಕೂತು, ನೆಲದ ಮೇಲೆ ಆಡುವ ಮಗುವನ್ನು ಎತ್ತಿಕೊಳ್ಳದೆ, ತನ್ನ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಿದ್ದಳು.

ಅಂದಿನಿಂದ ಅಕ್ಕ ಸೊರಗತೊಡಗಿದಳು. ಮೊಟ್ಟೆ ಮನೆಗೆ ಬರುವುದು ನಿಂತಿತು. ಪಾತ್ರೆ ಮುಟ್ಟುವ ಮೊದಲು ಕೈ ತೊಳೆದು, ಮುಟ್ಟಿದ ಮೇಲೆ ತೊಳೆದು, ತೊಳೆದದ್ದು ಸಾಲದೆಂದು ಬಟ್ಟೆ ಸೋಪಿನಲ್ಲಿ ತಿಕ್ಕಿ, ಬೆರಳ ಗಿಣ್ಣುಗಳು ಬಿರುಕುಬಿಟ್ಟವು. ರುಚಿ ನೋಡಲು ಚಮಚ ಅದ್ದಲೂ ಹೆದರಿಕೆ. "ಅತ್ತಿಗೇ, ಇವತ್ತೂ ಉಪ್ಪು ಮರೆತಿರಾ? ಬಿಪಿ ನನಗಿಲ್ಲ ಕಣ್ರೀ, ಬಸ್ಸಿನ ಪ್ರಯಾಣಿಕರಿಗೆ ಇರೋದು" ಎಂದು ಗಂಡ ತಮಾಷೆ ಮಾಡಿದ. ಅಕ್ಕ ನಗಲಿಲ್ಲ, ತಟ್ಟೆಗೆ ಉಪ್ಪು ತಂದಿಟ್ಟು ಹೋದಳು. ಆಮೇಲೊಂದು ದಿನ ಸೌಟನ್ನೇ ಕೆಳಗಿಟ್ಟಳು. "ನೀನೇ ಮಾಡಿಬಿಡು ತಂಗೀ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ಪ್ಲೇಟಕ್ಕ ಅಡುಗೆ ಮಾಡಿದಳು. ಮುಲಾಮು ತಂದು ಅಕ್ಕನ ಬೆರಳಿಗೆ ಹಚ್ಚಿದಳು. ಅಕ್ಕನ ಬಟ್ಟೆ ಒಗೆದಳು, ಔಷಧಿ ತಂದಳು. ಹಾಗೆ ಮಾಡಿದಷ್ಟೂ ಅಕ್ಕ ನೆರೆಯವರ ಮುಂದೆ ಅವಳನ್ನು ಹೊಗಳುತ್ತಿದ್ದಳು: "ಇವಳೊಬ್ಬಳು ಇಲ್ಲದಿದ್ರೆ ನಾನು ಏನಾಗ್ತಿದ್ನೋ." ಆ ಮಾತು ಕಿವಿಗೆ ಬಿದ್ದಾಗೆಲ್ಲ ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸುತ್ತಿತ್ತು. ಯಾರಾದರೂ ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ನಾಲ್ಕನೇ ತಿಂಗಳ ಒಂದು ಸಂಜೆ ಅಕ್ಕ ಅವಳ ಮುಂದೆ ಕೂತು ಹೇಳಿದಳು, "ನೀನು ಕೋಳಿ ಗೂಡಲ್ಲೆಲ್ಲ ಹತ್ತಿ ಉಜ್ಜಿ ಅದನ್ನ ಹುಡುಕ್ತೀಯಲ್ಲ. ನನ್ನ ಅಡುಗೆಮನೇಲೂ ಹುಡುಕಿಕೊಡೇ. ಎಲ್ಲಿದೆ ಅಂತ ಗೊತ್ತಾದ್ರೆ ಅದೊಂದನ್ನ ಎಸೆದುಬಿಡ್ತೀನಿ. ಪುಟ್ಟಿ ಮತ್ತೆ ನನ್ನ ಕೈತುತ್ತು ತಿಂತಾಳೆ."

ಅವಳು ಬೇಡವೆನ್ನಲು ಬಾಯಿ ತೆರೆದಳು. ಏನೆಂದು ಬೇಡವೆನ್ನುವುದು?

ಹೊರಗಿನ ಮಾದರಿಗೆ ಮೇಡಂ ಸಹಿ ಬೇಕು. "ಓಹೋ, ಮನೆಯಿಂದಲೇ ಶುರು ಮಾಡಿದ್ರಾ?" ಎಂದು ನಗುತ್ತಾ ಅವರು ಸಹಿ ಹಾಕಿದರು. ಭಾನುವಾರ ಬೆಳಿಗ್ಗೆ ಅವಳು ಹತ್ತಿಕಡ್ಡಿಗಳ ಪೊಟ್ಟಣ ಹಿಡಿದು ಅಡುಗೆಮನೆಗೆ ಹೋದರೆ ಅಕ್ಕ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದಳು. ತರಕಾರಿ ಹೆಚ್ಚುವ ಹಲಗೆ, ಚಾಕು, ಸೌಟು, ಒರೆಸುವ ಬಟ್ಟೆ, ಖಾಲಿ ಮೊಟ್ಟೆಯ ಟ್ರೇ, ಫ್ರಿಜ್ಜಿನ ಅಡ್ಡಹಲಗೆ, ಆ ದಿನದ ಬಟ್ಟಲು. ಪರೀಕ್ಷೆಯ ಫಲ ಕಾಯುವ ಮಗುವಿನ ಹಾಗೆ ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಪ್ಲೇಟಕ್ಕ ಇಪ್ಪತ್ತೆರಡು ಕಡ್ಡಿ ಉಜ್ಜಿದಳು. ಸುಮ್ಮನೆ ಉಜ್ಜಿದ ಹಾಗೆ ಮಾಡಬಹುದಿತ್ತು. ಅದು ಅವಳಿಂದ ಆಗಲಿಲ್ಲ. ಹಲಗೆಯ ಪ್ರತಿ ಗೀರಿನೊಳಗೂ ಕಡ್ಡಿ ಆಡಿಸಿದಳು. ಎಲ್ಲಾದರೂ ಒಂದು ಕಡೆ ಸಿಕ್ಕಿಬಿಡಲಿ, ಲ್ಯಾಬಿನದಲ್ಲದ ಒಂದೇ ಒಂದು ಕಾಡುತಳಿಯಾದರೂ ಸಿಗಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಏನನ್ನು ಬೇಡುತ್ತಿದ್ದೇನೆ ಎಂದು ಹೊಳೆದಾಗ ಕೈ ತಾನಾಗಿ ನಿಂತಿತು.

ಗುರುವಾರ ಇಪ್ಪತ್ತೆರಡು ಪ್ಲೇಟೂ ಖಾಲಿ. ಸಂಜೆ ಮನೆಗೆ ಬಂದು ಹೇಳಿದಳು, "ಏನೂ ಇಲ್ಲಕ್ಕಾ. ಎಲ್ಲಾ ಶುದ್ಧವಾಗಿದೆ."

ಅಕ್ಕನ ಮುಖ ಅರಳುತ್ತದೆ ಅಂದುಕೊಂಡಿದ್ದಳು. ಅಕ್ಕ ಕುಗ್ಗಿಹೋದಳು. "ಹಂಗಾದ್ರೆ ಕೈಯಲ್ಲೇ ಇದೆ" ಎಂದು ಎರಡೂ ಅಂಗೈ ಮುಂದೆ ಚಾಚಿದಳು. "ಇದನ್ನೂ ಉಜ್ಜು. ಇದರಲ್ಲಿ ಇರಲೇಬೇಕು. ಇಲ್ಲದಿದ್ರೆ ಮಗೂಗೆ ಎಲ್ಲಿಂದ ಬಂತು?"

ಗಿಣ್ಣುಗಳಲ್ಲಿ ಬಿರುಕು, ಬಿರುಕಿನಲ್ಲಿ ಒಣಗಿದ ರಕ್ತ, ಅವಳೇ ಹಚ್ಚಿದ ಮುಲಾಮಿನ ಬಿಳಿ. ಪ್ಲೇಟಕ್ಕ ಆ ಕೈಗಳನ್ನು ಹಿಡಿದುಕೊಳ್ಳಲು ಹೋಗಿ ಹಿಂದೆ ಸರಿದಳು.

"ನನ್ನಿಂದ ಬಂತು" ಎಂದಳು.

"ಏನು?"

"ಪುಟ್ಟಿಗೆ ಬಂದಿದ್ದು ನನ್ನಿಂದ. ಆವತ್ತು ಕಾರ್ಡು ಒರೆಸದೇ ಬಂದಿದ್ದೆ. ಅವಳು ಅದನ್ನ ಬಾಯಿಗೆ ಹಾಕ್ಕೊಂಡಳು. ನಮ್ಮ ಲ್ಯಾಬಿನದೇ ಅದು, ಬೇರೆ ಕಡೆಯದಲ್ಲ. ಪರೀಕ್ಷೆ ಮಾಡಿ ನೋಡಿದ್ದೀನಿ. ನಿನ್ನ ಮೊಟ್ಟೇಲಿ ಏನೂ ಇರಲಿಲ್ಲ ಅಕ್ಕಾ."

ಅಕ್ಕ ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನೇ ಮರೆತಳು. ಹಾಗೆಯೇ ಕೇಳಿದಳು, "ಯಾವಾಗ ನೋಡಿದೆ?"

"ಮಗು ಆಸ್ಪತ್ರೇಲಿ ಇದ್ದಾಗಲೇ."

"ಅಂದ್ರೆ ನಾಲ್ಕು ತಿಂಗಳು."

"ಹೂಂ."

"ನಾಲ್ಕು ತಿಂಗಳು ನನ್ನ ಕೈಗೆ ಮುಲಾಮು ಹಚ್ತಾ ಕೂತಿದ್ದೆ."

ಅಕ್ಕ ಕೂಗಾಡಲಿಲ್ಲ, ಅಳಲೂ ಇಲ್ಲ. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಗಂಡ ಬಂದ ಮೇಲೆ ಪ್ಲೇಟಕ್ಕ ಅವನಿಗೂ ಎಲ್ಲವನ್ನೂ ಹೇಳಿದಳು. ಸದಾ ಏನಾದರೊಂದು ತಮಾಷೆ ಮಾಡುವ ಮನುಷ್ಯ ಅಂದು ಷೂ ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿ ಕೂತುಬಿಟ್ಟ.

ಬೆಳಿಗ್ಗೆ ಅಕ್ಕ ಹೊರಡಲು ಬಟ್ಟೆ ಉಟ್ಟು ನಿಂತಿದ್ದಳು. "ನಡಿ. ಅವಳ ಮುಂದೆ ನೀನೇ ಹೇಳು. ನಾನು ಹೇಳಿದ್ರೆ, ತಪ್ಪಿಸಿಕೊಳ್ಳೋಕೆ ನಿನ್ನ ಮೇಲೆ ಹಾಕ್ತಿದ್ದೀನಿ ಅಂತಾಳೆ." ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು.

ಮಗಳ ಮನೆ ಮೂರನೇ ಮಹಡಿಯಲ್ಲಿ. ಪುಟ್ಟಿ ನೆಲದ ಮೇಲೆ ಡಬ್ಬಿಗಳ ಮುಚ್ಚಳ ಒಂದರ ಮೇಲೊಂದು ಪೇರಿಸುತ್ತಿತ್ತು. ಪ್ಲೇಟಕ್ಕ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಒಂದನ್ನೂ ಬಿಡದೆ ಹೇಳಿದಳು: ಕಾರ್ಡು, ಕರವಸ್ತ್ರ, ತಿರುಗಿ ಕೊಟ್ಟದ್ದು, ವರದಿ, ಪ್ಲೇಟು, ಆಟೋಕ್ಲೇವು. ಮಗಳು ಕೇಳುತ್ತಾ ಕೇಳುತ್ತಾ ಅವಳನ್ನು ಬಿಟ್ಟು ತಾಯಿಯ ಕಡೆ ನೋಡತೊಡಗಿದಳು.

"ನಿನ್ನೆದುರೇ ನಿನ್ನ ಗಂಜಿ ಬೇಡ ಅಂದೆ" ಎಂದಳು. "ಅಮ್ಮಾ, ನೀನಾದ್ರೂ, ನಾನಲ್ಲ ಕಣೇ ಅನ್ನಬಾರದಿತ್ತಾ?"

"ನನಗೇನು ಗೊತ್ತು? ನಾನೇ ಅಂತ ನಾನೂ ಅಂದ್ಕೊಂಡಿದ್ದೆ."

ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಪ್ಲೇಟಕ್ಕ ಎದ್ದು ನಿಂತಳು. ಹತ್ತಿರ ಹೋಗುವ ಹಾಗೂ ಇರಲಿಲ್ಲ, ಹೊರಗೆ ಹೋಗುವ ಹಾಗೂ ಇರಲಿಲ್ಲ. ಕೊನೆಗೆ ಮಗಳು ತಲೆ ಎತ್ತದೆಯೇ ಹೇಳಿದಳು, "ಚಿಕ್ಕಮ್ಮಾ, ನೀನು ಹೋಗು. ಅಮ್ಮ ಇಲ್ಲೇ ಇರಲಿ." ಅವಳು ಮೆಟ್ಟಿಲಿಳಿದು, ಬಸ್ಸು ಹಿಡಿದು, ಮನೆಗೆ ಹೋಗದೆ ನೇರ ಕೇಂದ್ರಕ್ಕೆ ಹೋದಳು.

ಮೇಡಂ ಪೂರ್ತಿ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಪ್ಲೇಟು ಎಲ್ಲಿ?"

"ಆಟೋಕ್ಲೇವಿಗೆ ಹಾಕಿದೆ."

"ಚಿತ್ರ? ನಂಬರು?"

"ಇಲ್ಲ ಮೇಡಂ."

"ನಿಮ್ಮ ಬದಲು ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ನೀವು ಏನು ಮಾಡ್ತಿದ್ರಿ?"

"ಒಳಗೆ ಬಿಡ್ತಿರಲಿಲ್ಲ."

ಮೇಡಂ ಡ್ರಾಯರು ಎಳೆದು ಒಂದು ಹಾಳೆ ತೆಗೆದರು. ಚಳಿಕೋಣೆಯ ಬಾಗಿಲಿಗೆ ಕಾರ್ಡಿನ ಬದಲು ನಂಬರಿನ ಬೀಗ ಹಾಕಿಸಿ ಎಂದು ಎರಡು ವರ್ಷದ ಹಿಂದೆ ಯಾರೋ ಬರೆದುಕೊಟ್ಟ ಅರ್ಜಿ. "ಇದನ್ನ ನಾನೇ ಪಕ್ಕಕ್ಕಿಟ್ಟಿದ್ದೆ. ಅಂಥಾ ಅವಸರವೇನು ಅಂತ. ನಿಮ್ಮೊಬ್ಬರ ತಲೆ ಮೇಲೇ ಹಾಕೋಕೆ ನನಗೂ ಮುಖ ಇಲ್ಲ."

ಅದೇ ದಿನ ಪ್ರಯೋಗ ನಿಂತಿತು. ಇಪ್ಪತ್ತಮೂರು ಸಿಬ್ಬಂದಿಯ ಕಾರ್ಡುಗಳನ್ನೆಲ್ಲ ಕಿತ್ತುಕೊಂಡು ಪರೀಕ್ಷೆಗೆ ಹಾಕಿದರು. ನಾಲ್ಕನೇ ದಿನ ಎರಡು ಕಾರ್ಡುಗಳ ಪ್ಲೇಟಿನಲ್ಲಿ ಕಪ್ಪು ಚುಕ್ಕೆ ಬಂತು. ಅದರಲ್ಲೊಂದು ಮರಿಗಳಿಗೆ ನೀರಿಡುವವನದು. ಅವನ ಹೆಂಡತಿ ಎಂಟು ತಿಂಗಳ ಬಸುರಿ. ಅವನ ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಆದರೆ ಅದು ಪ್ಲೇಟಕ್ಕನ ಜಾಣತನದಿಂದಲ್ಲ, ಅವರ ಅದೃಷ್ಟದಿಂದ. ನಾಲ್ಕು ತಿಂಗಳ ಹಿಂದೆ ಬಾಯಿ ಬಿಟ್ಟಿದ್ದರೆ ಆ ಕಾರ್ಡು ನಾಲ್ಕು ತಿಂಗಳ ಹಿಂದೆಯೇ ಶುದ್ಧವಾಗುತ್ತಿತ್ತು. ಅವನು ಕ್ಯಾಂಟೀನಿನಲ್ಲಿ ಎದುರಾಗಿ ಎಂದಿನಂತೆ "ಊಟ ಆಯ್ತಾ ಅಕ್ಕಾ?" ಎಂದಾಗ ಅವಳಿಗೆ ತಲೆ ಎತ್ತಲಾಗಲಿಲ್ಲ.

ವಿಚಾರಣೆ ನಡೆಯಿತು. ಅವಳನ್ನು ಒಂದು ವರ್ಷ ಗೆರೆಯೊಳಗಿನ ಕೆಲಸದಿಂದ ತೆಗೆದು ಗಾಜು ತೊಳೆಯುವ ಕೋಣೆಗೆ ಹಾಕಿದರು. ಅವಳು ಮೇಲ್ಮನವಿ ಕೊಡಲಿಲ್ಲ. ನಂಬರಿನ ಬೀಗ ಬಂತು. ಮಕ್ಕಳ ಡಾಕ್ಟರಿಗೆ ಮೇಡಂ ಪತ್ರ ಬರೆದು ಪುಟ್ಟಿಯ ದಾಖಲೆಯಲ್ಲಿ 'ಮೊಟ್ಟೆ' ಎಂದಿದ್ದುದನ್ನು ಹೊಡೆದು ತಿದ್ದಿಸಿದರು. ಏಳು ವಾರ ನಿಂತ ಪ್ರಯೋಗ ಮತ್ತೆ ನಡೆದು ಮುಗಿಯಿತು. ಪುಡಿ ಕುಡಿಸದ ಮರಿಗಳಲ್ಲಿ ನೂರಕ್ಕೆ ಎಪ್ಪತ್ತರ ಕರುಳಿನಲ್ಲಿ ಮುದ್ರೆಯವ ಸಿಕ್ಕಿದರೆ, ಕುಡಿಸಿದವುಗಳಲ್ಲಿ ಹದಿಮೂರರಲ್ಲಿ ಸಿಕ್ಕಿದ. ಪೂರ್ತಿ ಹೋಗಲಿಲ್ಲ. ಎಪ್ಪತ್ತರಿಂದ ಹದಿಮೂರಕ್ಕೆ ಇಳಿದದ್ದು ಸಣ್ಣ ಮಾತೇನಲ್ಲ ಎಂದು ಮೇಡಂ ಎಲ್ಲರ ಮುಂದೆ ಹೇಳಿದರು. ಖುಷಿಪಡಬೇಕೋ ಬೇಡವೋ ಎನ್ನುವ ದನಿಯಲ್ಲಿ.

ಅಕ್ಕ ಹತ್ತು ದಿನ ಮಗಳ ಮನೆಯಲ್ಲಿದ್ದು ಬಂದಳು. ಬಂದವಳು ಸೌಟು ಕೈಗೆತ್ತಿಕೊಂಡಳು. ತಂಗೀ ಎಂದು ಕರೆಯಲು ಮತ್ತೆ ಮೂರು ತಿಂಗಳು ಹಿಡಿಯಿತು. ಕ್ಷಮಿಸಿದೆ ಎಂದು ಅಕ್ಕ ಹೇಳಲಿಲ್ಲ; ಪ್ಲೇಟಕ್ಕ ಕೇಳಲೂ ಇಲ್ಲ. ಕೇಳಿದರೆ ಅಕ್ಕ ಇಲ್ಲವೆನ್ನಲಾರಳು, ಅದಕ್ಕೇ ಕೇಳಬಾರದು ಎಂದು ಅವಳು ನಿಶ್ಚಯಿಸಿದ್ದಳು. ಮಗಳು ಪುಟ್ಟಿಯೊಂದಿಗೆ ಭಾನುವಾರಗಳಲ್ಲಿ ಬರುತ್ತಿದ್ದಳು. ಆ ದಿನ ಪ್ಲೇಟಕ್ಕ ಏನಾದರೊಂದು ನೆಪ ಹೇಳಿ ಹೊರಗೆ ಹೋಗುತ್ತಿದ್ದಳು. ಗಂಡನ ಬಸ್ಸಿನಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ತಿರುಗಿ ಬರುತ್ತಿದ್ದಳು. ಹೀಗೆ ಮೂರು ವರ್ಷ ನಡೆಯಿತು.

ಪುಟ್ಟಿಯನ್ನು ಶಾಲೆಗೆ ಸೇರಿಸುವಾಗ ಒಂದು ಮಧ್ಯಾಹ್ನ ಮಗಳ ಫೋನು ಬಂತು. ಎಲ್ಲ ತಿಳಿದ ಮೇಲೆ ಅವಳೇ ಫೋನು ಮಾಡಿದ್ದು ಅದು ಮೊದಲ ಸಲ.

"ಚಿಕ್ಕಮ್ಮಾ, ಶಾಲೆಯ ಅರ್ಜೀಲಿ ಹಿಂದಿನ ಕಾಯಿಲೆ ಬರೀಬೇಕಂತೆ. ಆಸ್ಪತ್ರೆಗೆ ಸೇರಿಸಿದ್ದು ಯಾವತ್ತು, ನಿನಗೇನಾದ್ರೂ ನೆನಪಿದೆಯಾ? ಕಾಗದ ಸಿಗ್ತಿಲ್ಲ."

ಪ್ಲೇಟಕ್ಕ ತಾರೀಖು ಹೇಳಿದಳು. ವಾರ ಹೇಳಿದಳು. ಸೇರಿಸಿದ ಗಂಟೆ, ಪಾದಕ್ಕೆ ಸೂಜಿ ಚುಚ್ಚಿದ ದಿನ, ಜ್ವರ ಇಳಿದ ದಿನ, ಕೊಟ್ಟ ಔಷಧಿ, ಮನೆಗೆ ಕಳಿಸಿದ ದಿನದ ತೂಕ, ಎಲ್ಲವನ್ನೂ ಹೇಳಿದಳು. ಆ ಕಡೆ ಬರೆದುಕೊಳ್ಳುವ ಸದ್ದು ನಿಂತುಹೋಯಿತು.

"ಇಷ್ಟೆಲ್ಲ ನೆನಪಿಟ್ಕೊಂಡಿದ್ದೀಯಾ?"

"ಹೂಂ."

ಆಮೇಲೆ ಮಗಳು ಹೇಳಿದಳು, "ಭಾನುವಾರ ಊಟಕ್ಕೆ ಬರ್ತೀವಿ. ಈ ಸಲ ನೀನು ಎಲ್ಲೂ ಹೋಗಬೇಡ."

ಭಾನುವಾರ ಅವಳು ಮನೆಯಲ್ಲೇ ಇದ್ದಳು. ಮೇಜಿನ ತುದಿಯ ಕುರ್ಚಿಯಲ್ಲಿ ಕೂತಳು. ಅಕ್ಕ ಬಡಿಸಿದಳು, ಗಂಡ ತನ್ನ ಬಸ್ಸಿನಲ್ಲಿ ಒಬ್ಬರು ಮೇಕೆಗೂ ಅರ್ಧ ಟಿಕೆಟ್ಟು ಕೇಳಿದ ಕತೆ ಹೇಳಿ ಎಲ್ಲರನ್ನೂ ನಗಿಸಿದ. ಪುಟ್ಟಿಗೆ ಈ ಅಜ್ಜಿ ಅಷ್ಟಾಗಿ ಗೊತ್ತಿರಲಿಲ್ಲ. ಆಗಾಗ ಕಳ್ಳಗಣ್ಣಿನಲ್ಲಿ ನೋಡುತ್ತಿತ್ತು. ನಡುವೆ ಖಾರ ಹತ್ತಿ, ಹತ್ತಿರ ಕೂತಿದ್ದವಳ ತೋಳು ಜಗ್ಗಿ, "ನೀರು" ಎಂದಿತು.

ಪ್ಲೇಟ‌ಕ್ಕ ಮಗಳ ಮುಖ ನೋಡಿದಳು. ಮಗಳು ಅನ್ನ ಕಲಸುತ್ತಿದ್ದಳು, ತಲೆ ಎತ್ತಲಿಲ್ಲ. ಅವಳು ಎದ್ದು ಲೋಟಕ್ಕೆ ನೀರು ಬಗ್ಗಿಸಿ ಮಗುವಿನ ಮುಂದೆ ಇಟ್ಟಳು. ಪುಟ್ಟಿ ಗಟಗಟ ಕುಡಿದು ಲೋಟ ಕೆಳಗಿಟ್ಟಿತು. ಪ್ಲೇಟಕ್ಕ ತನ್ನ ಜಾಗಕ್ಕೆ ಬಂದು ಕೂತಳು. ಅಕ್ಕ ಇನ್ನೊಂದು ಸೌಟು ಅನ್ನ ಹಾಕಿದಳು. ಅವಳಿಗೆ ಊಟ ಇಳಿಯಲಿಲ್ಲ, ಆದರೂ ಎದ್ದು ಹೋಗದೆ, ತಟ್ಟೆಯಲ್ಲಿದ್ದುದನ್ನು ಒಂದೊಂದೇ ತುತ್ತಾಗಿ ತಿಂದು ಮುಗಿಸಿದಳು.